ಗಾಳಿಗೊಂದು ಪರದೆ

"ಯಾರ್ರೀ ಇದನ್ನ ಹೊಲಿದಿದ್ದು? ಹೊರಗೆ ಬನ್ನಿ!"

ಆ ಅಬ್ಬರಕ್ಕೆ ಶಿವಮೊಗ್ಗದ ಗಾಂಧಿ ಬಜಾರಿನ ಓಣಿಗೆ ಓಣಿಯೇ ತಿರುಗಿ ನೋಡಿತು. ಎದುರಿನ ಮಂಡಕ್ಕಿ ಅಂಗಡಿಯವನಂತೂ ಅಳೆಯುತ್ತಿದ್ದ ಸೇರನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ.

ರಸೂಲ್ ಸಾಬರ ಅಂಗಡಿ ಮುಂದೆ ಹಳೇ ಮಿಲಿಟರಿ ಮೋಟಾರ್ ಸೈಕಲ್ಲೊಂದು ಇನ್ನೂ ಹೊಗೆ ಉಗುಳುತ್ತಿತ್ತು. ಪಕ್ಕದಲ್ಲಿ ಎತ್ತರದ ಯುವಕ. ತಲೆ ಕಾಗೆ ಗೂಡು, ಕಣ್ಣು ಕೆಂಪಗೆ, ಕೈಯಲ್ಲಿ ಹರಿದು ಚಿಂದಿಯಾದ ಟಾರ್ಪಾಲಿನ ಚೀಲ.

ಅಂಗಡಿಯಲ್ಲಿ ಸಾಬರಿರಲಿಲ್ಲ, ನಮಾಜಿಗೆ ಹೋಗಿದ್ದರು. ಆದರೆ ಒಳಗಿನ ಪರದೆಯ ಹಿಂದೆ ಹೊಲಿಗೆ ಮಿಷನ್ ಸದ್ದು ಮಾಡುತ್ತಿತ್ತು. ಈಗ ಅದು ನಿಂತಿತು.

"ಒಳಗಿದ್ದೀರೋ ಇಲ್ವೋ? ನಿನ್ನೆ ತಗೊಂಡು ಹೋದ ಚೀಲ ಇದು! ನಿದಿಗೆ ಊರು ದಾಟೋದ್ರಲ್ಲಿ ಫಡ್ ಅಂತ ಹರಿದುಹೋಯ್ತು. ಸಿನಿಮಾ ರೀಲು ರಸ್ತೆಗೆ ಉರುಳಿದ್ರೆ ಯಾರು ಜವಾಬ್ದಾರಿ?"

"ಯಾಕೆ ಹಾಗೆ ಕಿರುಚ್ತೀರಿ? ಇಲ್ಲಿ ಯಾರೂ ಕಿವುಡರಿಲ್ಲ."

ಹೆಣ್ಣು ದನಿ! ಯುವಕನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

"ಹರಿದಿದ್ದು ಹೊಲಿಗೆಯೋ ಬಟ್ಟೆಯೋ? ಸರಿಯಾಗಿ ನೋಡಿ ಹೇಳಿ" ಎಂದಿತು ಪರದೆ.

ಅವನು ನೋಡಿದ. ಹೊಲಿಗೆ ಒಂದಿಂಚೂ ಬಿಟ್ಟಿರಲಿಲ್ಲ. ಅದರ ಪಕ್ಕದ ಬಟ್ಟೆ ಬಾಯಿ ಬಿಟ್ಟಿತ್ತು.

"...ಬಟ್ಟೆ."

"ಹೊಲಿಗೆ ನಮ್ಮದು. ಬಟ್ಟೆ ನಿಮ್ಮದು. ಹಳೇದೇ ಸಾಕು ಅಂತ ತಂದುಕೊಟ್ಟಿದ್ದು ನೀವೇ. ಚೀಲದೊಳಕ್ಕೆ ನುಗ್ಗಿದ ಗಾಳಿ ಎಲ್ಲಿಗೆ ಹೋಗಬೇಕು ಹೇಳಿ? ಉಬ್ಬಿ ಉಬ್ಬಿ ಹರಿದಿದೆ. ಗಾಳಿನ ಪೂರ್ತಿ ತಡೀತೀನಿ ಅಂತ ಹೋಗಬಾರದು, ಅದಕ್ಕೊಂದು ದಾರಿ ಬಿಟ್ಟುಕೊಡಬೇಕು. ಅಲ್ಲಿಟ್ಟು ಹೋಗಿ. ಹಿಂದೆ ಒಂದು ಸೀಳು ಬಿಟ್ಟು ಹೊಲಿದು ಕೊಡ್ತೀವಿ."

ಅಷ್ಟರಲ್ಲಿ ಆಷಾಢದ ಗಾಳಿಗೆ ತುಂಟತನ ಬಂತು ನೋಡಿ! ಓಣಿಯುದ್ದಕ್ಕೂ ಓಡಿ ಬಂದು, ಅಂಗಡಿಗೆ ನುಗ್ಗಿ, ಆ ಪರದೆಯನ್ನು ಎತ್ತಿ ಬಿಸಾಡಿತು.

ಮಿಷನ್ ಮುಂದೆ ಕೂತಿದ್ದ ಸಾಬರ ಮಗಳು ನಸೀಮಾ ಬೆಚ್ಚಿ ತಲೆಯೆತ್ತಿದಳು. ತುಟಿಯಲ್ಲಿ ಕಚ್ಚಿಕೊಂಡ ಕೆಂಪು ದಾರ, ಕೆನ್ನೆಯ ಮೇಲೆ ಸೀಮೆಸುಣ್ಣದ ಗೀಟು. ಒಂದೇ ಗಳಿಗೆ... ನಾಲ್ಕು ಕಣ್ಣು ಕೂಡಿದವು. ಪರದೆ ಮತ್ತೆ ಇಳಿಯಿತು.

'ಯಾ ಅಲ್ಲಾ! ನೋಡಿಬಿಟ್ಟರಾ?' ಅವಳ ಎದೆ ಮಿಷನ್‌ಗಿಂತ ಜೋರಾಗಿ ಓಡುತ್ತಿತ್ತು.

ಹೊರಗಿನಿಂದ ಅದೇ ಗಂಟಲು, ಸ್ವಲ್ಪ ಕುಗ್ಗಿಕೊಂಡು, "ಮಾಫ್ ಮಾಡಿ. ಆ ರಸ್ತೆಯಿಂದ ಬಂದಮೇಲೆ ನನ್ನ ದನಿ ನನಗೇ ಕೇಳಿಸಲ್ಲ. ಅದಕ್ಕೇ ಕೂಗ್ತೀನಿ..." ಎಂದಿತು.

ಹೀಗೆ ಶುರುವಾಯಿತು ದಸ್ತಗೀರನ ಕಥೆ. ಕಥೆ ಅವನದಾದರೂ ಮನಸ್ಸು ನಸೀಮಾಳದು, ಆದ್ದರಿಂದ ನಾವು ಪರದೆಯ ಒಳಗೇ ಕೂರೋಣ.

ಸಾವಿರದ ಒಂಬೈನೂರ ಅರವತ್ತೆರಡರ ಮಾತು. ಶಿವಮೊಗ್ಗದ ಒಂದು ಟಾಕೀಸು, ಭದ್ರಾವತಿಯ ಒಂದು ಟಾಕೀಸು, ಎರಡಕ್ಕೂ ಒಬ್ಬರೇ ಮಾಲೀಕರು. ಸಿನಿಮಾ ಪ್ರಿಂಟು ಒಂದೇ! ಶಿವಮೊಗ್ಗದಲ್ಲಿ ಮೊದಲರ್ಧ ಓಡಿದ ಕೂಡಲೇ ಆ ಡಬ್ಬಿಗಳನ್ನು ಕಟ್ಟಿಕೊಂಡು ದಸ್ತಗೀರ್ ಭದ್ರಾವತಿಗೆ ಹಾರಬೇಕು, ಇಳಿಸಿ ಮತ್ತೆ ಬರಬೇಕು, ಉಳಿದರ್ಧ ಹೊರಬೇಕು. ಅಲ್ಲಿ ಕಬ್ಬಿಣದ ಕಾರ್ಖಾನೆಯವರು ಶಿಫ್ಟು ಮುಗಿಸಿ ಬಂದು ಬೆಂಚು ಕುಟ್ಟುತ್ತಾ ಕೂತಿರುತ್ತಾರೆ. ಐದು ನಿಮಿಷ ತಡವಾದರೆ ಸೀಟಿ, ಹತ್ತಾದರೆ ಅವನ ಅಪ್ಪ ಅಜ್ಜ ಎಲ್ಲರಿಗೂ ಮಂಗಳಾರತಿ.

ಅಂಗಡಿಯಲ್ಲಿ ಜೀಪು, ಲಾರಿಗಳ ತಲೆ ಮುಚ್ಚುವ ಹುಡ್ಡು, ಸೀಟು, ಟಾರ್ಪಾಲು ಹೊಲಿಯುತ್ತಿದ್ದವಳು ನಸೀಮಾ. ಊರೆಲ್ಲ ಅದು ರಸೂಲ್ ಸಾಬರ ಕೈಚಳಕ ಅಂದುಕೊಂಡಿತ್ತು. ಸಾಬರೂ ಅಲ್ಲವೆನ್ನುತ್ತಿರಲಿಲ್ಲ ಅನ್ನಿ!

ಸೀಳು ಬಿಟ್ಟು ಹೊಲಿದ ಚೀಲ ಮತ್ತೆ ಹರಿಯಲಿಲ್ಲ. ಆದರೂ ದಸ್ತಗೀರ್ ಬರುವುದು ನಿಲ್ಲಲಿಲ್ಲ. ಒಂದು ದಿನ ಪಟ್ಟಿ ಸಡಿಲ ಅಂದ, ಇನ್ನೊಂದು ದಿನ ಗುಂಡಿ ಬಿಗಿ ಅಂದ. ಮತ್ತೊಂದು ದಿನ ಏನೂ ಹೊಳೆಯದೆ, ನೀರು ಕುಡಿದು ಹೋದ.

"ಈ ಹುಡುಗನ ಚೀಲಕ್ಕೆ ರೋಗವೋ, ಹುಡುಗನಿಗೇ ರೋಗವೋ?" ಎಂದರು ಸರ್ವರ್ ಬೀ, ನಸೀಮಾಳ ದಾದಿಮಾ. ತಲೆ ನರೆತಿದ್ದರೂ ಕಣ್ಣು ಸೂಜಿಮೊನೆ. ಮೊಮ್ಮಗಳ ಕಿವಿ ಕೆಂಪಾದದ್ದನ್ನು ನೋಡಿ ಅವರಿಗೆ ಉತ್ತರ ಸಿಕ್ಕಿಬಿಟ್ಟಿತು.

ಭದ್ರಾವತಿಯಿಂದ ದಸ್ತಗೀರನ ತಾಯಿ ಬಿಸ್ಮಿಲ್ಲಾ ಬೀ ಹೆಣ್ಣು ಕೇಳಿಕೊಂಡು ಬಂದರು. ರಸೂಲ್ ಸಾಬ್ ಗಡ್ಡ ಸವರಿಕೊಂಡೇ ಕೂತರು.

"ಹುಡುಗ ಒಳ್ಳೆಯವನೇ. ಆದ್ರೆ ಆ ರಸ್ತೆ... ಕಬ್ಬಿಣದ ಲಾರಿಗಳು, ಬಯಲ ಗಾಳಿ. ನನ್ನ ಮಗಳು ದಿನಾ ಬಾಗಿಲಲ್ಲಿ ಜೀವ ಹಿಡ್ಕೊಂಡು ನಿಲ್ಲಬೇಕಲ್ಲಮ್ಮ?"

"ನಿಂತು ನಿಂತು ನನಗೂ ಸಾಕಾಗಿದೆ ಭಾಯಿಸಾಬ್" ಅಂದರು ಬಿಸ್ಮಿಲ್ಲಾ ಬೀ. "ಮನೆಗೆ ಬಂದ್ರೆ ಅರ್ಧ ಗಂಟೆ ಕಿವಿಯಲ್ಲಿ ಗುಂಯ್ ಅಂತಾನೆ. ತಲೆ ಹಿಡ್ಕೊಂಡು ಕೂರ್ತಾನೆ. ಗಾಳಿ ಗುದ್ದೀ ಗುದ್ದೀ ಒಂದಿನ ಕಿವಿ ಪೂರಾ ಹೋಗುತ್ತೇನೋ ಅಂತ ಭಯ. ಆದ್ರೆ ಮಾಡೋ ಕೆಲಸ ಬಿಡು ಅಂತ ಯಾವ ಬಾಯಲ್ಲಿ ಹೇಳಲಿ?"

ಬಾಗಿಲ ಹಿಂದೆ ನಿಂತಿದ್ದ ನಸೀಮಾ ಅವನ ಮೊದಲ ದಿನದ ಮಾತು ನೆನೆದಳು. 'ನನ್ನ ದನಿ ನನಗೇ ಕೇಳಿಸಲ್ಲ' ಎಂದದ್ದು ನೆಪವಾಗಿರಲಿಲ್ಲ... ಪಾಪ, ನಿಜವೇ ಆಗಿತ್ತು!

ಕೊನೆಗೆ ದಾದಿಮಾ ಹೇಳಿದ್ದೇ ನಡೆಯಿತು. ಮಂಗ್ನಿ ಆಯಿತು. ನಸೀಮಾಳ ಬೆರಳಿಗೆ ಬೆಳ್ಳಿಯ ಉಂಗುರ ಬಂತು.

ಆ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಮಂಗ್ನಿಯಾದ ಮೇಲೆ ನಿಕಾಹ್ ತನಕ, ಒಂದು ಮನೆಯಿಂದ ಇನ್ನೊಂದಕ್ಕೆ ಬಂದ ಬಟ್ಟೆಗೆ ಕತ್ತರಿ ತಾಗಿಸುವ ಹಾಗಿಲ್ಲ. ತಾಗಿಸಿದರೆ ಸಂಬಂಧಕ್ಕೇ ಕತ್ತರಿ ಇಟ್ಟ ಹಾಗೆ. ಹೊಲಿದು ಕೊಟ್ಟಿದ್ದರೆ ಕೊನೆಯ ದಾರದ ತುದಿಗಳನ್ನೂ ಕತ್ತರಿಸದೆ ಜೋತುಬಿಡಬೇಕು. ನಿಕಾಹ್ ದಿನ ಗಂಡ ಹೆಂಡತಿ ಸೇರಿ ಕತ್ತರಿಸಬೇಕು. ಬಿಸ್ಮಿಲ್ಲಾ ಬೀ ತಂದ ರವಿಕೆಯ ತೋಳು ನಸೀಮಾಳ ಮೊಣಕೈ ದಾಟಿ ಮಣಿಕಟ್ಟಿಗೆ ಬರುತ್ತಿತ್ತು. ಊರಿನ ಬಟ್ಟೆಗೆಲ್ಲ ಕತ್ತರಿ ಇಡುವವಳು ತನ್ನ ರವಿಕೆಗೆ ಇಡುವಂತಿಲ್ಲ! ತೋಳು ಮಡಿಸಿಕೊಂಡು ನಕ್ಕಳು.

ಆದರೆ ಅವಳಿಗೆ ರಾತ್ರಿ ಹಗಲು ಒಂದೇ ಯೋಚನೆ. ಆ ಗಾಳಿ... ಅವರ ತಲೆಗೆ ಗುದ್ದುವ ಆ ಹಾಳು ಗಾಳಿ!

'ಒಂದು ಎಳೆಯಷ್ಟು ಗಾಳಿಯೂ ಅವರ ಮುಖಕ್ಕೆ ತಾಗಬಾರದು.'

ದಪ್ಪ ಕ್ಯಾನ್ವಾಸು ತೆಗೆದಳು. ಮೋಟಾರ್ ಸೈಕಲ್ಲಿನ ಹ್ಯಾಂಡಲ್ ಎರಡೂ ಬದಿಗೆ ಕಂಬಿ ನಿಲ್ಲಿಸಿ, ನಡುವೆ ಈ ಪರದೆ ಬಿಗಿಯುವುದು. ಬಾಗದಂತೆ ಅಂಚಿನೊಳಗೆ ಬೆತ್ತ. ದಾರಿ ಕಾಣಲು ನಡುವೆ ಜೀಪಿನ ಕಿಟಕಿಗೆ ಹಾಕುವಂಥ, ಆಚೆಗೆ ಕಾಣುವ ಹಾಳೆ. ಎತ್ತರವನ್ನು ಅಬ್ಬಾನ ಲೆಕ್ಕದಲ್ಲಿ ಅಂದಾಜು ಮಾಡಿ, ಹಣೆ ಮುಚ್ಚುವಷ್ಟು ಇಟ್ಟಳು. ಕೆಳಗೆ ಒಂದು ಸಂದೂ ಬಿಡದೆ ಟ್ಯಾಂಕಿನವರೆಗೆ ಬಿಗಿದು ಕಟ್ಟುವಂತೆ ಲಾಡಿ ಹಾಕಿದಳು. ಮೇಲಂಚಿಗೂ ಕೆಳಗಂಚಿಗೂ ಕೆಂಪು ದಾರದ ಹೊಲಿಗೆ, ಅದರ ತುದಿಗಳನ್ನು ಪದ್ಧತಿಯಂತೆ ಹಾಗೇ ಜೋತುಬಿಟ್ಟಳು.

"ಇದು ಪರದೆಯೋ, ತೂಬಿನ ಬಾಗಿಲೋ?" ಅಂದರು ದಾದಿಮಾ.

"ಗಾಳಿ ಬರಬಾರದಲ್ಲ ದಾದಿಮಾ!"

ಪ್ರೀತಿ ಹೆಚ್ಚಾದಾಗ ಬುದ್ಧಿ ಸ್ವಲ್ಪ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಮೊದಲ ದಿನ ಅವನಿಗೆ ತಾನೇ ಹೇಳಿದ ಪಾಠ ನಸೀಮಾಳಿಗೆ ಆಗ ನೆನಪೇ ಆಗಲಿಲ್ಲ.

ಪರದೆ ದಸ್ತಗೀರನಿಗೆ ತಲುಪಿತು. ಮಾರನೇ ದಿನವೇ ಅವನಿಂದ ಅಬ್ಬಾನ ಬಾಯಲ್ಲಿ ಉತ್ತರ ಬಂತು.

"ಬಹಳ ಚೆನ್ನಾಗಿದೆಯಂತೆ. ಗಾಳಿಯೇ ಗೊತ್ತಾಗಲ್ಲವಂತೆ."

ಅವತ್ತು ನಸೀಮಾ ಹೊಲಿದ ಲಾರಿ ಹೊದಿಕೆಯ ಮೇಲೆ ಸೂಜಿ ಕುಣಿಯಿತು. ಸುಮ್ಮಸುಮ್ಮನೆ ನಗು. ದಾದಿಮಾ ಬೈದರೂ ನಗು.

ಹತ್ತು ಹದಿನೈದು ದಿನವೂ ಆಗಿರಲಿಲ್ಲ. ಮಾಚೇನಹಳ್ಳಿಯಿಂದ ಮೊಸರು ತರುವ ವೀರಮ್ಮ ಗಡಿಗೆ ಇಳಿಸುತ್ತಾ ಕೇಳಿದಳು, "ಅಲ್ಲ ಮಾರಾಯ್ತಿ, ನಿನ್ನ ಗಂಡ ಆಗೋನು ನೀ ಹೊಲಿದ ಪರದೆನ ಮಾರೋಕಿಟ್ಟಿದಾನಾ ಹೆಂಗೆ?"

"ಏನು ಮಾತು ವೀರಮ್ಮ?"

"ದಿನಾ ನೋಡ್ತೀನಲ್ಲ! ವಿದ್ಯಾನಗರ ದಾಟಿದ ಕೂಡ್ಲೆ ಕರಿಯಮ್ಮನ ಚಾದಂಗಡಿ ಹತ್ರ ಬಿಚ್ಚಿ ಒರಗಿಸ್ತಾನೆ. ವಾಪಸ್ ಬರೋವಾಗ ಕಟ್ಕೊಂಡು ಊರೊಳಗೆ ಬರ್ತಾನೆ. ಮೊದಲೆರಡು ದಿನ ಕಟ್ಕೊಂಡು ಹೋಗಿದ್ದಕ್ಕೆ ಭದ್ರಾವತೀಲಿ ಇನ್ನೂ ನಗ್ತಾರಂತೆ ಕಣವ್ವ. 'ಗಂಡಸಾಗಿ ಗೋಷಾ ಹಾಕ್ಕೊಂಡು ಬಂದ ನೋಡ್ರೋ' ಅಂತ ಸೀಟಿ ಹೊಡೀತಾರಂತೆ."

ನಸೀಮಾಳ ಕೈಯಲ್ಲಿದ್ದ ಮೊಸರಿನ ಬಟ್ಟಲು ಅಲ್ಲೇ ನಿಂತಿತು.

ನಾಚಿಕೆಯಾಯಿತಂತೆ! ನನ್ನ ಹೊಲಿಗೆ ಹಾಕಿಕೊಂಡು ಹೋಗಲು ನಾಚಿಕೆ! ಊರೊಳಗೆ ನನಗೆ ಕಾಣುವ ಹಾಗೆ ಕಟ್ಟಿಕೊಳ್ಳುವುದು, ಊರು ದಾಟಿದ ಕೂಡಲೇ ಚಾದಂಗಡಿಯ ಹಿಂದೆ ಬಿಸಾಡುವುದು...

ಅಂದು ದಸ್ತಗೀರ್ ಬಂದಾಗ ಪರದೆಯ ಹಿಂದಿನಿಂದ ಬಂದ ದನಿ ತಣ್ಣಗಿತ್ತು.

"ಪರದೆ ಎಲ್ಲಿ ತನಕ ಕಟ್ಟಿಕೊಂಡು ಹೋಗ್ತೀರಿ?"

ಅವನು ತಡವರಿಸಿದ. "ಅದು... ಕಟ್ಕೋತೀನಲ್ಲ."

"ಕರಿಯಮ್ಮನ ಚಾದಂಗಡಿ ತನಕ ತಾನೇ?"

ಹೊರಗೆ ಚೀಲದ ಗುಂಡಿ ಹಾಕಿ ತೆಗೆಯುವ ಸದ್ದು.

"ಭದ್ರಾವತಿಯವರು ನಗ್ತಾರೆ ಅಂತಾನಾ?"

"ನಗ್ತಾರೆ, ನಿಜ. ಆದ್ರೆ ಅದಕ್ಕಲ್ಲ..."

"ಮತ್ಯಾಕೆ?"

"ಹೇಳೋಕಾಗಲ್ಲ!" ಎಂದ. ಗಾಳಿ ತುಂಬಿದ ಕಿವಿಯವನ ಮಾತು, ಬೇಡವೆಂದರೂ ಗುಡುಗಿತು. ಓಣಿಯವರು ಮತ್ತೆ ತಿರುಗಿ ನೋಡಿದರು.

"ನನ್ನ ಮೇಲೆ ಕೂಗ್ತೀರಾ? ಬೇಡ ಬಿಡಿ. ನನ್ನ ಹೊಲಿಗೆ ನಾಚಿಕೆಯಾದ್ರೆ ನಾನೂ ನಾಚಿಕೆಯೇ. ನಾಳೆ ಅಬ್ಬಾ ಭದ್ರಾವತಿಗೆ ಬರ್ತಾರೆ. ಉಂಗುರ ನಿಮ್ಮ ಅಮ್ಮನ ಕೈಗೆ ತಲುಪುತ್ತೆ."

ದಸ್ತಗೀರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮಿಷನ್ ಗಡಗಡನೆ ಓಡತೊಡಗಿತು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲವೆಂದು ಅವನಿಗೆ ಹೇಗೆ ಗೊತ್ತಾಗಬೇಕು? ಹೋಗಿಬಿಟ್ಟ.

ನಸೀಮಾ ಬಿಕ್ಕಿ ಬಿಕ್ಕಿ ಅತ್ತಳು. ಉಂಗುರ ಬೆರಳಿನಿಂದ ಸುಲಭವಾಗಿ ಬರಲಿಲ್ಲ, ಸೋಪು ಹಚ್ಚಿ ತೆಗೆದಳು.

"ದುಡುಕಬೇಡ ಬೇಟಿ" ಎಂದರು ದಾದಿಮಾ. "ನಾಚಿಕೆಯಾಗೋನು ವಾಪಸ್ ಬರೋವಾಗ ಯಾಕೆ ಕಟ್ಕೊಂಡು ಬರ್ತಾನೆ?"

"ನನ್ನ ಕಣ್ಣಿಗೆ ಮಣ್ಣೆರಚೋಕೆ!"

"ಸರಿ. ಉಂಗುರ ಕೊಟ್ಟೇ ಬರೋಣ. ಆದ್ರೆ ನಾನೂ ಬರ್ತೀನಿ, ನೀನೂ ಬಾ. ಕೊಡೋದನ್ನ ನಿನ್ನ ಕೈಯಲ್ಲೇ ಕೊಡು."

ಮರುದಿನ ಕಂಟ್ರಾಕ್ಟರ್ ವೆಂಕಟಾಚಲ ಜೀಪಿಗೆ ಹೊಸ ಹುಡ್ಡು ಹಾಕಿಸಿಕೊಂಡು ಭದ್ರಾವತಿಗೆ ಹೊರಟಿದ್ದರು. ಮೂವರೂ ಅದರಲ್ಲೇ ಹತ್ತಿದರು. ಉಂಗುರ ನಸೀಮಾಳ ಸೆರಗಿನ ಗಂಟಿನಲ್ಲಿತ್ತು.

ಮಧ್ಯಾಹ್ನದ ಬಿಸಿಲು, ಮಳೆಗಿಂತ ಗಾಳಿಯೇ ಜಾಸ್ತಿಯಾದ ವರ್ಷ. ವಿದ್ಯಾನಗರ ದಾಟಿತು. ನಸೀಮಾಳ ಕಣ್ಣು ತಾನಾಗಿಯೇ ಕರಿಯಮ್ಮನ ಚಾದಂಗಡಿಯ ಗೋಡೆಗೆ ಹೋಯಿತು. ಅಲ್ಲಿ ಪರದೆ ಇರಲಿಲ್ಲ.

"ಅಲ್ನೋಡಿ, ನಮ್ಮ ಹುಡುಗ!" ಅಂದರು ರಸೂಲ್ ಸಾಬ್.

ಬಯಲು ರಸ್ತೆಯಲ್ಲಿ ಮುಂದೆ ಅದೇ ಮೋಟಾರ್ ಸೈಕಲ್ಲು. ಹಿಂದೆ ರೀಲಿನ ಚೀಲ, ಮುಂದೆ... ಅವಳ ಪರದೆ. ಇವತ್ತು ಬಿಚ್ಚಿರಲಿಲ್ಲ!

'ಕಟ್ಟಿಕೊಂಡಿದ್ದಾರೆ... ನಾನು ಬೈದದ್ದಕ್ಕೆ ಕಟ್ಟಿಕೊಂಡೇ ಹೊರಟಿದ್ದಾರೆ.'

ಆ ಸಂತೋಷ ಒಂದು ಗಳಿಗೆಯೂ ಉಳಿಯಲಿಲ್ಲ. ಅವನ ತಲೆ! ಯಾರೋ ಕಾಣದ ಕೈ ಎರಡೂ ಕಡೆಯಿಂದ ಬಾರಿಸುತ್ತಿರುವ ಹಾಗೆ ದಡದಡ ಅಲ್ಲಾಡುತ್ತಿತ್ತು. ಪರದೆ ಉಬ್ಬಿ ನಿಂತು ಗಾಡಿಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಎಳೆಯುತ್ತಿತ್ತು.

ಜೀಪು ಪಕ್ಕಕ್ಕೆ ಬಂತು. ಆಗ ನಸೀಮಾಳಿಗೆ ಕಂಡದ್ದು ತಾನೇ ಜೋತುಬಿಟ್ಟ ಕೆಂಪು ದಾರಗಳು.

ಪರದೆಯ ಕೆಳಭಾಗದ ದಾರಗಳು ಸತ್ತ ಹಾಗೆ ಬಿದ್ದಿದ್ದವು. ಮೇಲಂಚಿನವು ಮಾತ್ರ ಹುಚ್ಚೆದ್ದು ಕುಣಿಯುತ್ತಿದ್ದವು. ಹಾರಿ, ಸುತ್ತಿ, ತಿರುಗಿ, ಅವನ ಹಣೆಗೇ ಬಂದು ಬಡಿಯುತ್ತಿದ್ದವು. ಅವನ ಅಂಗಿಯೋ, ಬೆನ್ನ ಕಡೆಯಿಂದ ಮುಂದಕ್ಕೆ ಹಾರುತ್ತಿತ್ತು!

ಗಾಳಿ ನಿಂತಿರಲಿಲ್ಲ. ಪರದೆ ಹತ್ತಿ, ಅಂಚಿನಿಂದ ಜಿಗಿದು, ಸುಳಿಯಾಗಿ ಅವನ ತಲೆಯ ಮೇಲೆಯೇ ಬೀಳುತ್ತಿತ್ತು. ಅಷ್ಟೂ ಸಾಲದೆಂದು ಒಳಗಿನ ಪೊಳ್ಳು ತುಂಬಲು ಹಿಂದಿನಿಂದಲೂ ನುಗ್ಗುತ್ತಿತ್ತು.

'ನನ್ನ ಪರದೆಯೇ ಹೊಡೆಯುತ್ತಿದೆ... ನಾನೇ ಹೊಡೆಯುತ್ತಿದ್ದೇನೆ ಅವರನ್ನು!'

ಎದುರಿನಿಂದ ಕಬ್ಬಿಣ ಹೇರಿದ ಲಾರಿ ಬಂತು. ಭರ್ರೆಂದು ದಾಟಿತು. ಅದರ ಗಾಳಿ ಪರದೆಗೆ ಬಡಿದದ್ದೇ ತಡ, ಮೋಟಾರ್ ಸೈಕಲ್ಲು ಓಲಾಡಿ, ರಸ್ತೆ ಬಿಟ್ಟು, ಮಣ್ಣಿಗಿಳಿದು, ಚರಂಡಿಯ ಅಂಚಿನಲ್ಲಿ ಹೇಗೋ ನಿಂತಿತು.

"ಗಾಡಿ ನಿಲ್ಲಿಸಿ!" ನಸೀಮಾ ಚೀರಿದಳು. ಜೀಪು ಪೂರ್ತಿ ನಿಲ್ಲುವ ಮೊದಲೇ ಹಾರಿ ಓಡಿದಳು. ತಲೆಯ ಮೇಲಿನ ಸೆರಗು ಹೆಗಲಿಗೆ ಬಿದ್ದದ್ದೂ ಗೊತ್ತಾಗಲಿಲ್ಲ. ರಸೂಲ್ ಸಾಬ್ ಕೂಗಲು ಹೋದರು. ದಾದಿಮಾ ಮಗನ ತೋಳು ಹಿಡಿದರು.

"ಬಿಡು. ಇವತ್ತು ಒಂದು ದಿನ ಬಿಡು."

ದಸ್ತಗೀರ್ ಹ್ಯಾಂಡಲ್ ಮೇಲೆ ತಲೆಯಿಟ್ಟು ಉಸಿರು ಬಿಡುತ್ತಿದ್ದ. ತಲೆಯೆತ್ತಿದರೆ ಎದುರಿಗೆ ಅವಳು. ನಡುವೆ ಪರದೆಯಿಲ್ಲದೆ, ಇಷ್ಟು ಹತ್ತಿರ, ಮೊದಲ ಸಲ.

"ಪೆಟ್ಟಾಯ್ತಾ? ಎಲ್ಲಿ? ತೋರಿಸಿ!"

"ಏನೂ ಆಗಿಲ್ಲ!" ಎಂದು ಕೂಗಿದ. ಆಮೇಲೆ ತಾನೇ ನಾಚಿ ಕಿವಿ ಮುಟ್ಟಿಕೊಂಡ.

"ಯಾಕೆ ಹೇಳಲಿಲ್ಲ? ಪರದೆಯಿಂದ ಗಾಳಿ ಇನ್ನೂ ಜಾಸ್ತಿ ಹೊಡೆಯುತ್ತೆ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ?" ದಸ್ತಗೀರನ ಕಣ್ಣು ಒದ್ದೆಯಾಗಿತ್ತು. ಗಾಳಿಗೋ, ಅವಳಿಗೋ. "ಎತ್ತರ ಜಾಸ್ತಿ ಅಂತ ಎರಡನೇ ದಿನವೇ ಗೊತ್ತಾಯ್ತು. ಕತ್ತರಿಸೋಣ ಅಂದ್ರೆ ಮಂಗ್ನಿ ಬಟ್ಟೆಗೆ ಕತ್ತರಿ ಇಡಬಾರದು. ನೀವು ನನಗೋಸ್ಕರ ಹೊಲಿದಿದ್ದು, ಚೆನ್ನಾಗಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಬಿಚ್ಚಿಟ್ಟು ಹೋಗ್ತಿದ್ದೆ. ಭದ್ರಾವತಿಯವರು ನಕ್ಕರೆ ನಗಲಿ, ನಾನೂ ನಕ್ಕಿದೀನಿ. 'ನನ್ನ ಹುಡುಗಿ ಕೈಯಾರೆ ಹೊಲಿದಿದ್ದು ಕಣ್ರೋ' ಅಂತ ಹೇಳ್ಕೊಂಡು ತಿರುಗಿದೀನಿ."

"ಇವತ್ತು ಯಾಕೆ ಕಟ್ಟಿಕೊಂಡ್ರಿ ಮತ್ತೆ? ಸಾಯೋಕಾ?"

"ಬಿಚ್ಚಿದ್ರೆ ನೀವು ಹೋಗ್ತೀರಿ ಅಂದ್ರಲ್ಲ. ಗಾಳಿ ಪೆಟ್ಟು ತಡ್ಕೋಬಹುದು. ಅದು ತಡ್ಕೊಳ್ಳೋಕಾಗಲ್ಲ."

ನಸೀಮಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಪ್ರೀತಿಯಿಂದ ಹೊಲಿದವಳು ಕೇಳಲಿಲ್ಲ, ಪ್ರೀತಿಯಿಂದ ಹೊತ್ತವನು ಹೇಳಲಿಲ್ಲ. ಎಂಥ ಜೋಡಿ!

"ನಾನು ಪೆದ್ದಿ... ಅಳತೆ ತಗೊಳ್ಳದೆ ಹೊಲಿದೆ. ಎಲ್ಲ ಕಡೆ ಮುಚ್ಚಿಬಿಟ್ಟೆ."

"ಗಾಳಿನ ಪೂರ್ತಿ ತಡೀತೀನಿ ಅಂತ ಹೋಗಬಾರದು" ಎಂದ ದಸ್ತಗೀರ್, ಮೆಲ್ಲಗೆ ನಗುತ್ತಾ. "ಅದಕ್ಕೊಂದು ದಾರಿ ಬಿಟ್ಟುಕೊಡಬೇಕು. ಮೊದಲ ದಿನ ನೀವೇ ಹೇಳಿದ್ರಿ. ಅವತ್ತಿನಿಂದ ಆ ದನಿ ಒಂದೇ ನನ್ನ ಕಿವಿಯಲ್ಲಿ ಸರಿಯಾಗಿ ಕೂತಿರೋದು."

ಅವಳು ತಲೆಯೆತ್ತಿದಳು. ಅಳು ನಿಂತಿತ್ತು. ಕಣ್ಣಲ್ಲಿ ಹುಡ್ಡು ಹೊಲಿಯುವವಳು ಎದ್ದು ಕೂತಿದ್ದಳು.

"ಗಾಡಿ ಮೇಲೆ ಕೂತ್ಕೊಳ್ಳಿ. ಓಡಿಸೋವಾಗ ಹೇಗೆ ಕೂರ್ತೀರೋ ಹಾಗೇ."

"ರೀಲು ತಡವಾಗುತ್ತೆ..."

"ಬೆಂಚು ಕುಟ್ಟಲಿ ಬಿಡಿ. ಕೂತ್ಕೊಳ್ಳಿ ಅಂದೆ!"

ಅವನು ಕೂತ. ಅವಳು ಗೇಣು ಹಾಕಿ ಅಳೆದಳು. ಪರದೆಯ ಅಂಚು ಅವನ ಹಣೆಗೆ ಬರುತ್ತಿತ್ತು. ಗಲ್ಲದ ಕೆಳಗೆ, ಕೊರಳ ಗುಂಡಿಯ ಹತ್ತಿರ ಬೆರಳಿಟ್ಟಳು. ಇಬ್ಬರಿಗೂ ಉಸಿರು ತಪ್ಪಿತು, ಆದರೆ ಬೆರಳು ಕದಲಲಿಲ್ಲ.

"ಇಷ್ಟೇ ಇರಬೇಕು. ಎದೆಗೆ ಮರೆ, ತಲೆಗೆ ಬೇಡ. ಸುಳಿ ಎದ್ದು ಬಡಿಯೋಕಿಂತ ನೇರ ಗಾಳಿ ಮುಖಕ್ಕೆ ಸವರಿಕೊಂಡು ಹೋದ್ರೆ ಸಾವಿರ ಪಾಲು ಮೇಲು."

"ಕತ್ತರಿ?" ಎಂದ ಅವನು ಅಂಜುತ್ತಾ.

"ಕತ್ತರಿ ಯಾಕೆ? ನನ್ನ ರವಿಕೆ ತೋಳಿಗೆ ಕತ್ತರಿ ಇಟ್ಟೆನಾ?" ನಸೀಮಾ ಮಡಿಸಿದ ತೋಳು ತೋರಿಸಿದಳು. ದಾದಿಮಾ ಜೀಪಿನಿಂದಲೇ "ಶಭಾಶ್!" ಎಂದರು.

ಸೆರಗಿನಲ್ಲಿ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದಳು. ನಡುವಿನ ಹಾಳೆಯ ಹೊಲಿಗೆಯನ್ನು ಸೂಜಿಮೊನೆಯಿಂದಲೇ ಎಳೆಎಳೆಯಾಗಿ ಬಿಡಿಸಿ ಹಾಳೆ ಕಳಚಿದಳು. ಮೇಲಿನ ಕ್ಯಾನ್ವಾಸನ್ನು ಬೆತ್ತದ ಸಮೇತ ಮುಂದಕ್ಕೆ ಮಡಿಸಿ, ಕೊರಳ ಮಟ್ಟಕ್ಕೆ ತಂದು, ಕೆಂಪು ದಾರದ ತುದಿಗಳನ್ನು ಮಡಿಕೆಯ ಮೇಲಕ್ಕೆ ಎಳೆದುಬಿಟ್ಟು, ಬಿಡಿಸಿದ ದಾರದಲ್ಲೇ ಟಾಕು ಹಾಕಿದಳು. ಕೆಳಗಿನ ಲಾಡಿ ಬಿಚ್ಚಿ, ನಾಲ್ಕು ಬೆರಳು ಸಂದು ಬಿಟ್ಟು ಕಟ್ಟಿದಳು.

"ಕೆಳಗಿಂದ ಸ್ವಲ್ಪ ಗಾಳಿ ಒಳಗೆ ಬರಲಿ. ಒಳಗೂ ಹೊರಗೂ ಸಮ ಆದ್ರೆ ಹಿಂದಿನಿಂದ ದೂಡಲ್ಲ."

ಕಂಬಿಗಳೆರಡೂ ಆನೆ ದಂತದ ಹಾಗೆ ಮೇಲೆ ನಿಂತವು. ನೋಡಲು ತಮಾಷೆಯಾಗಿತ್ತು. ವೆಂಕಟಾಚಲ ನಗು ತಡೆಯಲಾರದೆ ಅತ್ತ ತಿರುಗಿದರು.

ದಸ್ತಗೀರ್ ಕಿಕ್ ಹೊಡೆದ. ಜೀಪು ಪಕ್ಕದಲ್ಲೇ ಹೊರಟಿತು. ನಸೀಮಾ ಬಿಟ್ಟಕಣ್ಣು ಮುಚ್ಚದೆ ನೋಡುತ್ತಿದ್ದಳು. ವೇಗ ಏರಿತು... ಇನ್ನೂ ಏರಿತು...

ಮೇಲಂಚಿನ ಮಡಿಕೆಯಿಂದ ಇಣುಕಿದ್ದ ಕೆಂಪು ದಾರಗಳು ಒಮ್ಮೆ ನಡುಗಿದವು. ಆಮೇಲೆ ಬಾಚಿದ ಕೂದಲಿನ ಹಾಗೆ ನೆಟ್ಟಗೆ ಮಲಗಿ, ಅವನ ಹೆಗಲ ಕಡೆಗೆ ಹಾರಿದವು. ಅವನ ತಲೆ ನಿಂತಲ್ಲೇ ನಿಂತಿತ್ತು! ಇನ್ನೊಂದು ಲಾರಿ ಬಂತು, ದಾಟಿತು. ಗಾಡಿ ಒಂದಿಷ್ಟು ಮೈ ಕೊಡವಿತು, ಅಷ್ಟೇ.

"ಅಲ್‌ಹಮ್ದುಲಿಲ್ಲಾ" ಎಂದರು ರಸೂಲ್ ಸಾಬ್, ಗಟ್ಟಿಯಾಗಿ ಉಸಿರು ಬಿಟ್ಟು. "ಈ ರಸ್ತೆಗೆ ಈಗ ಮಗಳನ್ನ ಕೊಡಬಹುದು."

ನಸೀಮಾ ಯಾರಿಗೂ ಕಾಣದಂತೆ ಸೆರಗಿನ ಗಂಟು ಬಿಚ್ಚಿ ಉಂಗುರವನ್ನು ಮತ್ತೆ ಬೆರಳಿಗೆ ಹಾಕಿಕೊಂಡಳು. ದಾದಿಮಾಗೆ ಕಂಡೇ ಕಂಡಿತು.

ಭದ್ರಾವತಿಯ ಟಾಕೀಸಿನ ಮುಂದೆ ಸೀಟಿ, ಕೂಗಾಟ. "ಗೋಷಾ ಗಿಡ್ಡ ಆಯ್ತಲ್ಲೋ!" ಅಂತ ಯಾರೋ ಕಿಚಾಯಿಸಿದರು. ದಸ್ತಗೀರ್ ರೀಲು ಇಳಿಸಿಕೊಟ್ಟು ಜೀಪಿನ ಬಳಿ ಬಂದ. ಬಾಯಿ ತೆರೆದಾಗ ಬಂದದ್ದು ಮೆಲುದನಿ. ನಸೀಮಾ ಕೇಳಿರದಿದ್ದ ದನಿ, ಅವನೇ ಮರೆತಿದ್ದ ದನಿ.

"ಅಮ್ಮನ ಕೈಗೆ ಉಂಗುರ ಕೊಡೋಕೆ ಬಂದ್ರಂತೆ?"

"ಅಮ್ಮನ ಕೈಯ ಚಹಾ ಕುಡಿಯೋಕೆ ಬಂದ್ವಿ" ಎಂದಳು ನಸೀಮಾ, ನೆಲ ನೋಡುತ್ತಾ.

ಚೌತಿಯ ಹೊತ್ತಿಗೆ ಗಾಳಿ ಇಳಿದಿತ್ತು. ಅದರ ಹಿಂದೆಯೇ ನಿಕಾಹ್ ಆಯಿತು. ಪದ್ಧತಿಯಂತೆ ದಾದಿಮಾ ಕತ್ತರಿ ತಂದು ಇಬ್ಬರ ಮುಂದಿಟ್ಟರು. ರವಿಕೆಯ ತೋಳು ಕತ್ತರಿಸಿದ್ದಾಯಿತು. ಪರದೆಯ ಸರದಿ ಬಂದಾಗ ದಸ್ತಗೀರ್ ಕತ್ತರಿಯ ಮೇಲೆ ಕೈಯಿಟ್ಟ.

"ಇದರ ದಾರ ಬೇಡ ದಾದಿಮಾ. ಗಾಳಿ ಎತ್ತ ಹೋಗುತ್ತೆ ಅಂತ ಹೇಳೋಕೆ ಇರಲಿ."

ಮರುದಿನ ಟಾಕೀಸಿಗೆ ರಜೆ ಹಾಕಿ, ರೀಲಿನ ಚೀಲವಿದ್ದ ಜಾಗದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಭದ್ರಾವತಿಗೆ ಹೊರಟ. ಓಣಿಗೆ ಓಣಿಯೇ ಬಾಗಿಲಿಗೆ ಬಂದು ನೋಡಿತು. ಮಂಡಕ್ಕಿಯವನು ಸೇರು ಹಿಡಿದು ನಿಂತ ಅನ್ನುವುದನ್ನು ಬೇರೆ ಹೇಳಬೇಕೇ?

ವಿದ್ಯಾನಗರ ದಾಟಿತು. ಕರಿಯಮ್ಮನ ಚಾದಂಗಡಿ ದಾಟಿತು. ಬಯಲು ಬಂತು. ಎರಡೂ ಕಡೆ ಗದ್ದೆಯ ಹಸಿರು, ಮುಂದೆ ಕೆಂಪು ದಾರಗಳು ನೆಟ್ಟಗೆ ಹಾರುತ್ತಿದ್ದವು. ನಸೀಮಾ ಅವನ ಹೆಗಲ ಹತ್ತಿರ ಮುಖ ತಂದಳು. ಪರದೆಯ ಹಿಂದೆ ಕೂತು ಇಷ್ಟು ದಿನ ನುಂಗಿಕೊಂಡಿದ್ದ ಒಂದು ಮಾತಿತ್ತು. ಕೂಗಿ ಹೇಳುವ ಮಾತಲ್ಲ ಅದು. ಮೆಲ್ಲಗೆ, ತನಗೇ ಹೇಳಿಕೊಂಡ ಹಾಗೆ ಹೇಳಿದಳು.

"ಅವತ್ತು ನೀವು ಬಂದು ಕಿರುಚಿದಾಗಲೇ... ನನಗೆ ನಿಮ್ಮ ಮೇಲೆ ಮನಸ್ಸಾಗಿತ್ತು."

ಮೋಟಾರ್ ಸೈಕಲ್ಲಿನ ವೇಗ ಇದ್ದಕ್ಕಿದ್ದ ಹಾಗೆ ಇಳಿಯಿತು.

ಅವಳಿಗೆ ಗಾಬರಿ. "ಏನಾಯ್ತು? ಯಾಕೆ ನಿಧಾನ ಮಾಡಿದ್ರಿ? ...ಕೇಳಿಸ್ತಾ?"

"ಕೇಳಿಸ್ತು" ಎಂದ ದಸ್ತಗೀರ್. ಅವನ ಕಿವಿ ಕೆಂಪಾಗಿತ್ತು.

"ಪೂರ್ತಿ?"

"ಪೂರ್ತಿ. ಇನ್ನೊಂದು ಸಲ ಹೇಳು. ಇಷ್ಟೇ ಮೆಲ್ಲಗೆ."